ಪ್ರತಿಕ್ರಿಯೆ: ಮಳೆಗಾಲ ಕಳೆದ ಮೇಲೆ ಕರಕರ ಅನ್ನುವ ಟರ್ಬೈನ್

ಮಳೆಗಾಲ ಪೂರ್ತಿ ಶೆಡ್ಡಿನಲ್ಲಿಟ್ಟ ಮಾಡೆಲ್ ಜೆಟ್ ವಿಮಾನದ ಟರ್ಬೈನ್ (ಪುಟ್ಟ ಜೆಟ್ ಎಂಜಿನ್) ಕೈಯಲ್ಲಿ ತಿರುಗಿಸಿದರೆ ಕರಕರ ಅನ್ನುತ್ತದೆ, ಸ್ಟಾರ್ಟ್ ಮಾಡಲಾ ಅಂತ ಕೇಳಿದ್ದೀರಿ. ಬೇಡ ಸಾರ್. ಬೇರಿಂಗಿನ ಗುಂಡು ಸಾಮಾನ್ಯವಾಗಿ ಸೆರಾಮಿಕ್, ಆದರೆ ಅವು ಓಡುವ ರಿಂಗು ಉಕ್ಕಿನದು. ನಮ್ಮ ತೀರ್ಥಹಳ್ಳಿ ಕಡೆಯ ಥಂಡಿಗೆ ತುಕ್ಕು ಹಿಡಿದಿರುತ್ತದೆ. ನಿಮಿಷಕ್ಕೆ 1 ಲಕ್ಷಕ್ಕೂ ಜಾಸ್ತಿ ಸುತ್ತು ಅಲ್ವಾ, ಒಂದು ಚುಕ್ಕೆ ತುಕ್ಕು ಸಾಕು ಕೆಡಿಸಲು.

ಬೇರಿಂಗ್ ಬದಲಿಸುವುದು ದೊಡ್ಡದಲ್ಲ, ಆಮೇಲೆ ರೋಟರ್ (ಒಳಗೆ ತಿರುಗುವ ಭಾಗ) ಬ್ಯಾಲೆನ್ಸ್ ಮಾಡುವುದೇ ತಲೆನೋವು. ಅದರ ಯಂತ್ರ ಇಲ್ಲದಿದ್ದರೆ ಸರ್ವೀಸಿಗೆ ಕಳಿಸಿ. ನಾನೊಮ್ಮೆ ಕಂಪ್ರೆಸರ್ ಚಕ್ರ (ಗಾಳಿ ಒತ್ತುವ ಚಕ್ರ) ಮೊದಲು ಹೇಗೆ ಕೂತಿತ್ತು ಅಂತ ಗುರುತು ಹಾಕದೆ ಸುಮ್ನೆ ಬಿಚ್ಚಿ, ಬ್ಯಾಲೆನ್ಸ್ ತಪ್ಪಿ ಒದ್ದಾಡಿದ್ದೆ.

ಮುಂದಿನ ಸಲ ಮಳೆ ಹಿಡಿಯುವ ಮೊದಲು, ಟರ್ಬೈನ್ ಎಣ್ಣೆ ಬೆರೆಸಿದ ಸೀಮೆಎಣ್ಣೆ ಇಂಧನದಲ್ಲಿ ಎಂಜಿನ್ ಒಮ್ಮೆ ಓಡಿಸಿ. ತಣ್ಣಗಾದ ಮೇಲೆ ತೇವ ಹೀರುವ ಸಿಲಿಕಾ ಜೆಲ್ ಹಾಕಿ ಡಬ್ಬಿಯಲ್ಲಿ ಮುಚ್ಚಿಡಿ. ಒಲೆ ಮೇಲಿನ ಅಟ್ಟ ಬೆಚ್ಚಗಿರುತ್ತದೆ ನಿಜ, ಆದರೆ ಮಸಿ ಬೀಳುತ್ತದೆ, ಅಲ್ಲಿ ಬೇಡ.