ಎವರ್‌ಗ್ಲೇಡ್ಸ್‌ಗೆ ಡಿಸೆಂಬರೇ ಸರಿಯಾದ ಕಾಲ

ನಮಸ್ಕಾರ. ಡಿಸೆಂಬರ್‌ನಲ್ಲಿ ಅಪ್ಪ-ಅಮ್ಮನನ್ನು ಅಮೆರಿಕದ ಫ್ಲಾರಿಡಾದ ಜೌಗು ರಾಷ್ಟ್ರೀಯ ಉದ್ಯಾನ ಎವರ್‌ಗ್ಲೇಡ್ಸ್‌ಗೆ ಕರೆದುಕೊಂಡು ಹೋದರೆ ಏನಾದರೂ ಕಾಣುತ್ತಾ, ಮಂಡಿನೋವಿರುವ ಅಮ್ಮನಿಗೆ ನಡೆಯಲು ಆಗುತ್ತಾ ಎಂದು ಕೇಳಿದ್ದೀರಿ. ಖಂಡಿತ ಹೋಗಿ. ಬೇಸಿಗೆಗಿಂತ ಚಳಿಗಾಲವೇ ಒಳ್ಳೆಯದು.

ಅಲ್ಲಿ ಮಳೆಗಾಲ ಬೇಸಿಗೆಯಲ್ಲಿ. ಆಗ ಎಲ್ಲೆಲ್ಲೂ ನೀರು, ಪ್ರಾಣಿಪಕ್ಷಿಗಳು ಚದುರಿರುತ್ತವೆ, ಸೊಳ್ಳೆಯಂತೂ ವಿಪರೀತ. ನವೆಂಬರ್ ನಂತರ ನೀರು ಇಳಿಯುತ್ತದೆ. ಮೊಸಳೆಯ ಹತ್ತಿರದ ನೆಂಟರಾದ ಅಲಿಗೇಟರ್‌ಗಳು ಮೂತಿ, ಬಾಲಗಳಿಂದ ತೋಡಿದ ಗುಂಡಿಗಳಲ್ಲಿ ಮಾತ್ರ ನೀರು ಉಳಿಯುತ್ತಾ ಹೋಗುತ್ತದೆ. ಮೀನು ಅಲ್ಲಿ ಸೇರುತ್ತವೆ, ಅವನ್ನು ಹುಡುಕಿಕೊಂಡು ಹಕ್ಕಿಗಳೂ ಬರುತ್ತವೆ. ಅಲಿಗೇಟರ್ ತೋಡಿದ ಗುಂಡಿ ಇಷ್ಟು ಜೀವಗಳನ್ನು ಸಾಕುತ್ತದೆ, ಎಂಥ ಸೊಗಸು ಅಲ್ವಾ!

ಅಮ್ಮನಿಗೆ ಅಲ್ಲಿನ ಅನ್‌ಹಿಂಗಾ ಟ್ರೇಲ್ ಎಂಬ ಕಾಲುದಾರಿ ಸಾಕು. ಹೋಗಿ ಬರಲು ಸುಮಾರು 1.3 ಕಿ.ಮೀ., ಸಮತಟ್ಟು ದಾರಿ, ಒಂದಷ್ಟು ದೂರ ಹಲಗೆಯ ಸೇತುವೆ. ಗಾಲಿಕುರ್ಚಿಯೂ ಹೋಗುತ್ತದೆ. ಅನ್‌ಹಿಂಗಾ ಅಂದರೆ ನಮ್ಮ ರಂಗನತಿಟ್ಟಿನ ಹಾವಕ್ಕಿಯ ಹತ್ತಿರದ ನೆಂಟ. ರೆಕ್ಕೆ ಹರಡಿ ಬಿಸಿಲಿಗೆ ಒಣಗಿಸುತ್ತಾ ಕೂತಿರುತ್ತದೆ. ಅಮ್ಮ ನೋಡಿದ ತಕ್ಷಣ ಗುರುತು ಹಿಡಿಯಬಹುದು.

ಒಂದು ಮಾತು, ಅಲ್ಲಿನ ರಣಹದ್ದುಗಳು ಕಾರಿನ ರಬ್ಬರ್ ಕಿತ್ತುಹಾಕುತ್ತವೆ. ನಿಲ್ಲಿಸುವ ಜಾಗದಲ್ಲಿ ಟಾರ್ಪಾಲು ಇಟ್ಟಿರುತ್ತಾರೆ, ಮರೆಯದೆ ಹೊದಿಸಿ. ಅಲಿಗೇಟರ್‌ನಿಂದ ಕನಿಷ್ಠ 15 ಅಡಿ ದೂರವಿರಿ, ಸುಮ್ನೆ ಮಲಗಿದೆ ಅಂತ ಫೋಟೊಗೆ ಹತ್ತಿರ ಹೋಗಬೇಡಿ. ಬೆಳಿಗ್ಗೆ ಬೇಗ ಹೋದರೆ ಜನ ಕಡಿಮೆ. ಆಗ ಚಳಿ ಇರಬಹುದು, ಅಮ್ಮನಿಗೆ ಒಂದು ಸ್ವೆಟರ್ ಇಟ್ಟುಕೊಳ್ಳಿ.