ಕೃಷಿ ಪ್ರಶ್ನೋತ್ತರ: ಕಾಲು ಕಿಲೋ ಕಾಫಿಯಲ್ಲಿ ಬೆಳೆದವನ ಪಾಲೆಷ್ಟು?

ಪ್ರಶ್ನೆ: ಮಂಗಳೂರಿನ ಅಂಗಡಿಯಲ್ಲಿ ಇಥಿಯೋಪಿಯದ ಕಾಫಿಯ 250 ಗ್ರಾಂ ಪೊಟ್ಟಣ ಕಂಡೆ. ಮೇಲೆ ಫೇರ್‌ಟ್ರೇಡ್ ಮುದ್ರೆ. ಬೆಳೆಗಾರರ ಸಂಘಕ್ಕೆ ಕನಿಷ್ಠ ಬೆಲೆ ಖಾತ್ರಿಪಡಿಸುವ ಗುರುತಂತೆ ಅದು. ಬೆಳೆದವನಿಗೆ ನಿಜಕ್ಕೂ ಎಷ್ಟು ಮುಟ್ಟುತ್ತದೆ?
– ಓದುಗರು, ಬದಿಯಡ್ಕ

ಉತ್ತರ: ಮೊದಲು ತೂಕದ ಲೆಕ್ಕ. ಹುರಿಯುವಾಗ ಆರರಲ್ಲೊಂದು ಪಾಲು ತೂಕ ಹೋಗುತ್ತದೆ. ಅಲ್ಲಿಗೆ 250 ಗ್ರಾಂ ಪುಡಿಗೆ 300 ಗ್ರಾಂ ಹಸಿ ಬೀಜ ಬೇಕು. ತೊಳೆದು ಸಂಸ್ಕರಿಸುವ ಅರೇಬಿಕಾ ಜಾತಿಯ ಕಾಫಿಯಲ್ಲಿ ಒಂದು ಕಿಲೋ ಹಸಿ ಬೀಜಕ್ಕೆ 6ರಿಂದ 7 ಕಿಲೋ ಹಣ್ಣು ಹಿಡಿಯುತ್ತದೆ. ಅಂದರೆ ನೀವು ನೋಡಿದ ಪೊಟ್ಟಣಕ್ಕೆ ಹೆಚ್ಚುಕಡಿಮೆ 2 ಕಿಲೋ ಹಣ್ಣು.

2023ರ ಆಗಸ್ಟಿನಿಂದ ಇಂಥ ಅರೇಬಿಕಾಕ್ಕೆ ಫೇರ್‌ಟ್ರೇಡ್ ಕನಿಷ್ಠ ಬೆಲೆ ಪೌಂಡಿಗೆ, ಅಂದರೆ 454 ಗ್ರಾಮಿಗೆ, 1.80 ಡಾಲರ್. ಜೊತೆಗೆ 20 ಸೆಂಟ್ ಪ್ರೀಮಿಯಂ, ಅಂದರೆ ಬೆಳೆಗಾರರ ಸಂಘಕ್ಕೆ ಸಿಗುವ ಹೆಚ್ಚುವರಿ ಹಣ. ನಿಮ್ಮ ಪೊಟ್ಟಣದ 300 ಗ್ರಾಮಿಗೆ ಒಟ್ಟು 1.32 ಡಾಲರ್ ಆಯಿತು. ಆದರೆ ಇದು ಹಡಗಿಗೆ ಏರಿಸಿದ ಮಾಲಿನ ಬೆಲೆ, ತೋಟದ ಬಾಗಿಲಿನದ್ದಲ್ಲ. ಇಥಿಯೋಪಿಯಕ್ಕೆ ಕಡಲೇ ಇಲ್ಲ; ಸರಕು ಜಿಬೂತಿ ಬಂದರಿಗೆ ಹೋಗಬೇಕು. ಪಲ್ಪರ್ (ಹಣ್ಣಿನ ಸಿಪ್ಪೆ ಸುಲಿಯುವ ಯಂತ್ರ), ಒಣಗಿಸುವ ಕೂಲಿ, ಗೋಣಿ, ಸಾಗಣೆ, ಸಾಲದ ಬಡ್ಡಿ ಎಲ್ಲ ಕಳೆದು ಉಳಿದದ್ದು ರೈತನಿಗೆ. ಪ್ರೀಮಿಯಂ ಏನಾಗಬೇಕೆಂದು ಸಂಘದ ಮಹಾಸಭೆ ತೀರ್ಮಾನಿಸುತ್ತದೆ. ಅದರಲ್ಲಿ ಕನಿಷ್ಠ 5 ಸೆಂಟ್ ಇಳುವರಿ, ಗುಣಮಟ್ಟ ಹೆಚ್ಚಿಸುವುದಕ್ಕೇ ಹೋಗಬೇಕು.

ಮುದ್ರೆಯ ನಿಜವಾದ ಬೆಲೆ ಗೊತ್ತಾಗುವುದು ಪೇಟೆ ಬಿದ್ದಾಗ. 2001ರಲ್ಲಿ ಅರೇಬಿಕಾ ಪೌಂಡಿಗೆ 50 ಸೆಂಟಿಗಿಂತ ಕೆಳಗಿಳಿದಿತ್ತು. 2025ರ ಫೆಬ್ರವರಿಯಲ್ಲಿ ಅದೇ 4 ಡಾಲರ್ ದಾಟಿತು. ಹಾಗೆ ಏರಿದಾಗ ವ್ಯಾಪಾರಿ ನಗದು ಹಿಡಿದು ಮನೆಬಾಗಿಲಿಗೆ ಬರುತ್ತಾನೆ. ಸಂಘ ಹಣ್ಣು ಅಳೆದಾಗ ಒಂದು ಪಾಲು ಕೊಟ್ಟು, ಮಾಲು ಮಾರಿದ ಮೇಲೆ ಉಳಿದದ್ದನ್ನು ಕೊಡುತ್ತದೆ. ಮಕ್ಕಳ ಫೀಸು ಕಟ್ಟಬೇಕಾದವನು ಯಾರಿಗೆ ಕೊಟ್ಟಾನು? ಅಡಿಕೆಯನ್ನು ಸಂಘಕ್ಕೆ ಹಾಕುವುದೋ ಅಂಗಡಿಗೋ ಎಂದು ತೂಗಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಕೊಳ್ಳುವಾಗ ಸಹಕಾರ ಸಂಘದ ಅಥವಾ ವಾಷಿಂಗ್ ಸ್ಟೇಷನ್ನಿನ (ಹಣ್ಣು ತೊಳೆದು ಸಂಸ್ಕರಿಸುವ ಕೇಂದ್ರ) ಹೆಸರು, ಬೆಳೆಯ ವರ್ಷ ಇದೆಯೇ ನೋಡಿ. ಬರೀ ‘ಆಫ್ರಿಕನ್ ಬ್ಲೆಂಡ್’ ಎಂದಿದ್ದರೆ ಏನೂ ತಿಳಿಯುವುದಿಲ್ಲ.

ಪ್ರಶ್ನೆ: ಅಡಿಕೆ ತೋಟದ ನಡುವೆ ರೋಬಸ್ಟಾ ಇದೆ. ಆಫ್ರಿಕಾದವರಂತೆ ಅಟ್ಟಳಿಗೆಯ ಮೇಲೆ ಒಣಗಿಸಬಹುದೇ?
– ಓದುಗರು, ಪೆರ್ಲ

ಉತ್ತರ: ಧಾರಾಳವಾಗಿ. ಸೊಂಟದೆತ್ತರಕ್ಕೆ ಅಡಿಕೆ ದಬ್ಬೆಯ ಚೌಕಟ್ಟು ಕಟ್ಟಿ, ಮೇಲೆ ನೈಲಾನ್ ಬಲೆ ಬಿಗಿಯಿರಿ. ಅಗಲ ಒಂದೂವರೆ ಮೀಟರ್ ಮೀರಿದರೆ ನಡುವಿನ ಹಣ್ಣಿಗೆ ಕೈ ಎಟುಕದು. ಹಣ್ಣನ್ನು ಮೊದಲು ನೀರಿಗೆ ಹಾಕಿ, ತೇಲಿದ್ದನ್ನು ಬೇರೆ ಒಣಗಿಸಿ. ಪದರ 4–5 ಸೆಂಟಿಮೀಟರ್ ಸಾಕು. ಇಥಿಯೋಪಿಯದಲ್ಲಿ ಕೆಡುವುದೂ ಇಲ್ಲೇ: ಜಾಗ ಸಾಲದೆ ದಪ್ಪ ಹರಡುತ್ತಾರೆ, ಅಡಿಯ ಹಣ್ಣು ಬಿಸಿಯೇರಿ ಹುಳಿಯುತ್ತದೆ, ಬೂಸ್ಟು ಬರುತ್ತದೆ. ಮೊದಲ ನಾಲ್ಕೈದು ದಿನ ಗಂಟೆಗೊಮ್ಮೆ ಕೈಯಾಡಿಸಿ. ಸಂಜೆ ಇಬ್ಬನಿ ಬೀಳುವ ಮೊದಲೇ ಟಾರ್ಪಾಲು ಮುಚ್ಚಿ; ಅರ್ಧ ಒಣಗಿದ್ದು ಮತ್ತೆ ತೊಯ್ದರೆ ಆ ವಾಸನೆ ಲೋಟದವರೆಗೂ ಬರುತ್ತದೆ. ಪಕ್ಕದಲ್ಲಿ ಅಡಿಕೆ ಹರಡಬೇಡಿ, ಕಾಫಿ ವಾಸನೆ ಹೀರುತ್ತದೆ. ರೋಬಸ್ಟಾ ಚೆರಿಯ (ಸಿಪ್ಪೆಸಹಿತ ಒಣಗಿಸಿದ ಹಣ್ಣು) ತೇವಾಂಶ 11 ಶೇಕಡಕ್ಕೆ ಇಳಿಯಬೇಕು. ಹಿಡಿಯಲ್ಲಿ ಕುಲುಕಿದರೆ ಒಳಗೆ ಬೀಜ ಗಲಗಲ ಅನ್ನಬೇಕು. ಕಡೇ ಮಾತು ತೇವಾಂಶ ಅಳೆಯುವ ಮೀಟರಿನದ್ದೇ.

ಪ್ರಶ್ನೆ: ಒಂದು ಎಕರೆಯವನಿಗೆ ಆ ಫೇರ್‌ಟ್ರೇಡ್ ಮುದ್ರೆ ಸಿಗುತ್ತದೆಯೇ?
– ಅದೇ ಓದುಗರು

ಉತ್ತರ: ಒಬ್ಬನಿಗಿಲ್ಲ. ಕಾಫಿಯಲ್ಲಿ ಫೇರ್‌ಟ್ರೇಡ್ ಮುದ್ರೆ ಸಣ್ಣ ರೈತರ ಸಂಘಕ್ಕೆ ಮಾತ್ರ, ದೊಡ್ಡ ಎಸ್ಟೇಟಿಗೂ ಇಲ್ಲ. 1999ರಲ್ಲಿ ಇಥಿಯೋಪಿಯದಲ್ಲಿ ಹುಟ್ಟಿದ ಒರೋಮಿಯ ಕಾಫಿ ರೈತರ ಸಹಕಾರ ಒಕ್ಕೂಟದಂತೆ ನೂರಾರು ಸಂಘ ಒಟ್ಟು ಸೇರಿದರೆ ಖರ್ಚು ಹಂಚಿಹೋಗುತ್ತದೆ. ಒಂದೇ ಊರಿನ ಹತ್ತು ಮನೆಗೆ ತಪಾಸಣೆಯ ಶುಲ್ಕವೇ ಭಾರ.