ಚುಕ್ಕೆ ಎಲ್ಲಿಡೋದು ಮೇಡಂ?

ಮೇಡಂ, ನಮಸ್ಕಾರ. ಉತ್ತರ ತಡ ಆಯ್ತು, ಬೇಜಾರಾಗ್ಬೇಡಿ. ಬೇರೆ ಓದುಗರಿಗೂ ವಿಷಯ ಗೊತ್ತಾಗ್ಲಿ ಅಂತ ನಿಮ್ಮ ಪತ್ರದ ಸಾರ ಮೊದಲು ಹೇಳ್ಬಿಡ್ತೀನಿ: ನೀವು ಹಾವೇರಿ ಕಡೆ ಏಳನೇ ಕ್ಲಾಸಿಗೆ ಕನ್ನಡ ಕಲಿಸ್ತೀರಿ, ‘ನಮ್ಮೂರ ಜಾತ್ರೆ’ ಬಗ್ಗೆ ಬರೀರಿ ಅಂದ್ರೆ ಮಕ್ಕಳು ಇಡೀ ಪೇಜ್ ಬರ್ದು ಕೊನೇಲಿ ಒಂದೇ ಒಂದು ಚುಕ್ಕೆ ಇಡ್ತಾರಂತೆ, ‘ಉಸಿರು ನಿಂತ ಕಡೆ ಪೂರ್ಣವಿರಾಮ ಹಾಕ್ರಿ’ ಅಂತ ಹೇಳಿಕೊಟ್ಟ ಮೇಲೆ ಈಗ ಎರಡು ಪದಕ್ಕೊಂದು ಚುಕ್ಕೆ ಬೀಳ್ತಿದೆಯಂತೆ, ಸಾಲದ್ದಕ್ಕೆ ‘ನಿಮ್ಮ ಪತ್ರಿಕೇಲೇ ಅರ್ಧ ಪುಟದ ವಾಕ್ಯ ಬರುತ್ತೆ, ಮಕ್ಕಳು ಅದನ್ನೇ ತೋರಿಸ್ತಾರೆ’ ಅಂತ ನಮಗೂ ಒಂದು ಏಟು. ಒಪ್ಕೊಂಡೆ. ಈಗಷ್ಟೇ ಮುಗಿದ ವಾಕ್ಯಾನೇ ಸಾಕ್ಷಿ.

ಮೊದಲು ಆ ಉಸಿರಿನ ಸೂತ್ರ ಬಿಟ್ಬಿಡಿ. ಅದನ್ನ ನಂಬಿದ್ರೆ ಕಬಡ್ಡಿ ಆಡೋ ಹುಡುಗನಿಗೆ ಒಂದು ವ್ಯಾಕರಣ, ನೆಗಡಿ ಆದ ಹುಡುಗಿಗೆ ಇನ್ನೊಂದು ವ್ಯಾಕರಣ ಆಗುತ್ತೆ. ಕನ್ನಡದಲ್ಲಿ ಮಾತು ಮುಗೀತು ಅಂತ ಹೇಳೋದು ಸಾಮಾನ್ಯವಾಗಿ ಕ್ರಿಯಾಪದ. ‘ಜಾತ್ರೆಗೆ ಹೋಗಿ ತೇರು ನೋಡಿ ಮಂಡಕ್ಕಿ ತಗೊಂಡು ಅಜ್ಜಿ ಮನೇಲಿ ಮಲಗಿ ಬೆಳಿಗ್ಗೆ ಬಂದ್ವಿ’, ಇದು ಎಷ್ಟೇ ಉದ್ದ ಇದ್ರೂ ಒಂದೇ ವಾಕ್ಯ, ಒಂದೇ ಚುಕ್ಕೆ ಸಾಕು, ಯಾಕಂದ್ರೆ ಹೋಗಿ, ನೋಡಿ, ತಗೊಂಡು ಎಲ್ಲಾ ಅಪೂರ್ಣ ಕ್ರಿಯೆ, ‘ಆಮೇಲೆ?’ ಅಂತ ಕೇಳಿಸ್ತಾನೇ ಇರ್ತವೆ, ‘ಬಂದ್ವಿ’ ಅಂದಾಗಲೇ ಬಾಗಿಲು ಮುಚ್ಚೋದು. ಅದಕ್ಕೆ ಕೆಂಪು ಇಂಕ್ ಹಾಕ್ಬೇಡಿ. ‘ಜಾತ್ರೆಗೆ ಹೋದ್ವಿ ತೇರು ನೋಡಿದ್ವಿ ಮಳೆ ಬಂತು ಎಲ್ಲರೂ ಓಡಿದ್ರು’ ಅಂತ ಬರೆದ್ರೆ ಮಾತ್ರ ತಿದ್ದಿ, ಅಲ್ಲಿ ನಾಲ್ಕು ಬಾಗಿಲು ಮುಚ್ಚಿವೆ, ಚುಕ್ಕೆ ಒಂದೂ ಇಲ್ಲ. ಉದ್ದಕ್ಕೂ ತಪ್ಪಿಗೂ ಸಂಬಂಧ ಇಲ್ಲ ಅನ್ನೋದು ಮಕ್ಕಳಿಗಿಂತ ಮೊದಲು ನಮ್ಮಂಥೋರ ತಲೆಗೆ ಹೋಗ್ಬೇಕು.

ಹಾಗಂತ ‘ಕ್ರಿಯಾಪದ ಕಂಡಲ್ಲಿ ಚುಕ್ಕೆ’ ಅಂತ ಹೇಳಿದ್ರೂ ಕೆಟ್ಟಿತು. ‘ಅಪ್ಪ ಸಂಜೆ ಬರ್ತೀನಿ ಅಂತ ಹೇಳಿದ್ರು’ ಅನ್ನೋದ್ರಲ್ಲಿ ‘ಬರ್ತೀನಿ’ ಆದ್ಮೇಲೆ ಚುಕ್ಕೆ ಇಡೋ ಮಕ್ಕಳು ಬೇಕಾದಷ್ಟಿದಾರೆ, ‘ಅಂತ’ ಬಂದ್ರೆ ಹಿಂದಿನ ಮಾತು ಇನ್ನೂ ಯಾರದ್ದೋ ಬಾಯಲ್ಲಿದೆ ಅಂತ ತೋರಿಸ್ಕೊಡಬೇಕು. ‘ನಮ್ಮೂರ ದೇವರು ಬಸವಣ್ಣ’ ಅಂತ ಬರೆದ್ರೆ ಕ್ರಿಯಾಪದಾನೇ ಇಲ್ಲ, ಆದ್ರೂ ಪೂರ್ತಿ ವಾಕ್ಯ. ನನಗೆ ತುಂಬಾ ಇಷ್ಟವಾದ ಉದಾಹರಣೆ ಬೇರೆ ಇದೆ, ಬೋರ್ಡ್ ಮೇಲೆ ಬರ್ದು ನೋಡಿ: ‘ನಿನ್ನೆ ಬಂದ ಹುಡುಗ ಇವತ್ತು ಹೋದ.’ ಬಂದವನೂ ಹೋದವನೂ ಒಬ್ಬನೇ. ಈಗ ಒಂದು ಚುಕ್ಕೆ ಸೇರ್ಸಿ: ‘ನಿನ್ನೆ ಬಂದ. ಹುಡುಗ ಇವತ್ತು ಹೋದ.’ ನಿನ್ನೆ ಬಂದವನು ಯಾರೋ ಬೇರೆ ಆಗ್ಬಿಟ್ಟ! ಪುಸ್ತಕದ ಕನ್ನಡದಲ್ಲಿ ‘ಬಂದನು’ ಅಂತ ಇರೋದ್ರಿಂದ ಚುಕ್ಕೆ ಮರೆತ್ರೂ ಬಚಾವ್, ಆಡುಮಾತಲ್ಲಿ ಬರೆಯೋರಿಗೆ ಆ ರಕ್ಷಣೆ ಇಲ್ಲ. ಇಂಗ್ಲಿಷಿನ ಥರ ಹೊಸ ವಾಕ್ಯಕ್ಕೆ ಕ್ಯಾಪಿಟಲ್ ಲೆಟರ್ ಕೂಡ ನಮ್ಮಲ್ಲಿಲ್ಲ, ಇರೋದೊಂದೇ ಚುಕ್ಕೆ.

ಮಕ್ಕಳನ್ನ ಜಾಸ್ತಿ ಬೈಯೋ ಹಾಗೂ ಇಲ್ಲ. ತಾಳೆಗರಿ ಕಾಲದಲ್ಲಿ ಪದಗಳ ಮಧ್ಯೆ ಜಾಗಾನೇ ಬಿಡ್ತಿರ್ಲಿಲ್ಲ, ಪದ್ಯಕ್ಕೆ ಒಂದು ಗೆರೆ, ಎರಡು ಗೆರೆ ಎಳೆದ್ರೆ ಮುಗೀತು. 13ನೇ ಶತಮಾನದ ವ್ಯಾಕರಣಕಾರ ಕೇಶಿರಾಜ ಸಂಧಿ, ಸಮಾಸ, ಆಖ್ಯಾತ (ಅಂದ್ರೆ ಕ್ರಿಯಾಪದ) ಅಂತ ಒಂದೊಂದಕ್ಕೂ ಪ್ರಕರಣ ಬರೆದ, ಚುಕ್ಕೆಗೆ ಪ್ರಕರಣ ಇಲ್ಲ. ವಚನದಲ್ಲಿ ಸಾಮಾನ್ಯವಾಗಿ ಕೊನೆಗೆ ‘ಕೂಡಲಸಂಗಮದೇವ’ ಥರದ ಅಂಕಿತ ಬಂದಾಗ್ಲೇ ಮಾತು ಮುಗೀತು ಅಂತ ಕಿವಿಗೆ ಗೊತ್ತಾಗ್ತಿತ್ತು. ಪ್ರಿಂಟಿಂಗ್ ಬಂದ್ಮೇಲೆ ಇಂಗ್ಲಿಷ್ ನೋಡ್ಕೊಂಡು ಈ ಚಿಹ್ನೆಗಳು ನಮ್ಮಲ್ಲಿ ಬೇರೂರಿದ್ದು. ಈಗಿನ ವಾಟ್ಸಾಪಲ್ಲಿ ಮತ್ತೆ ಹಳೇ ಕಥೆ, ಸೆಂಡ್ ಬಟನ್ನೇ ಪೂರ್ಣವಿರಾಮ.

ಇನ್ನು ಕ್ಲಾಸಲ್ಲಿ ಏನ್ ಮಾಡೋದು ಅಂತ ಕೇಳಿದೀರಿ. ಉಕ್ತಲೇಖನ ಕೊಡುವಾಗ ನಾವು ‘ಫುಲ್‌ಸ್ಟಾಪ್’ ಅಂತ ಬಾಯಲ್ಲಿ ಹೇಳ್ತೀವಲ್ಲ, ಅದನ್ನ ನಿಲ್ಸಿ. ಚುಕ್ಕೆ ಎಲ್ಲಿ ಅಂತ ಮೇಷ್ಟ್ರೇ ಹೇಳಿದ್ರೆ ಮಗು ಯಾವಾಗ ಯೋಚ್ನೆ ಮಾಡ್ಬೇಕು? ಆಮೇಲೆ ಒಬ್ಬರ ನೋಟ್‌ಬುಕ್ ಇನ್ನೊಬ್ಬರ ಕೈಗೆ ಕೊಟ್ಟು, ಚುಕ್ಕೆ ಇದ್ದಲ್ಲಿ ಮಾತ್ರ ನಿಲ್ಬೇಕು ಅಂತ ಷರತ್ತು ಹಾಕಿ ಜೋರಾಗಿ ಓದ್ಸಿ. ಚುಕ್ಕೆ ಇಲ್ಲದ ಪೇಜ್ ಓದೋ ಹುಡುಗ ಏದುಸಿರು ಬಿಡುವಾಗ ಇಡೀ ಕ್ಲಾಸ್ ನಗುತ್ತೆ, ಬರೆದೋನಿಗೆ ನಿಮ್ಮ ಕೆಂಪು ಇಂಕಿಗಿಂತ ಅದು ಬೇಗ ತಟ್ಟುತ್ತೆ. ಚುಕ್ಕೆಯ ಸೈಜ್ ಕೂಡ ನೋಡಿ, ಕೆಲವರು ಸೊನ್ನೆ ಥರ ದುಂಡಗೆ ಬರೀತಾರೆ, ‘ಅವನು ಬಂದ’ ಅನ್ನೋದು ‘ಬಂದಂ’ ಆಗಿ ಮಗು ತನಗೇ ಗೊತ್ತಿಲ್ದೆ ಹಳಗನ್ನಡ ಕವಿ ಆಗ್ಬಿಡುತ್ತೆ. ಹಿಂದಿ ಕಲಿಯೋಕೆ ಶುರು ಮಾಡಿದ ಹೊಸದ್ರಲ್ಲಿ ಕನ್ನಡಕ್ಕೂ ಉದ್ದ ಗೆರೆ ಎಳೀತಾರೆ, ಅದು ತಾನಾಗೇ ಹೋಗುತ್ತೆ ಬಿಡಿ.

ಆ ಜಾತ್ರೆ ಪ್ರಬಂಧಗಳಲ್ಲಿ ಒಂದನ್ನ, ಮಗೂನ ಒಪ್ಪಿಗೆ ಕೇಳಿ, ತಿದ್ದದೇ ಕಳಿಸ್ತೀರಾ? ಮಕ್ಕಳ ಪುಟದಲ್ಲಿ ಇದ್ದ ಹಾಗೇ ಹಾಕ್ತೀವಿ, ಓದುಗರೇ ಚುಕ್ಕೆ ಇಟ್ಟು ವಾಪಸ್ ಕಳಿಸ್ಲಿ. ಹಾಗೇ ಆ ಅರ್ಧ ಪುಟದ ವಾಕ್ಯ ಯಾವ ಸಂಚಿಕೇದು ಅಂತ್ಲೂ ಬರೀರಿ, ಅದು ನನ್ನ ಸಂಪಾದಕೀಯದ್ದೇ ಇರ್ಬೇಕು ಅಂತ ಆಫೀಸಲ್ಲಿ ಎಲ್ಲರೂ ಆಗ್ಲೇ ಮುಸಿಮುಸಿ ನಗ್ತಿದಾರೆ.

- ಸಂ.